ತಪಾಸಣೆಯ ಕಣ್ಣಿಗೆ ಮಗು ಕಾಣಬೇಕು: ಜಿಲ್ಲಾ ಮಕ್ಕಳ ರಕ್ಷಣಾ ಸೇವೆಗಳ ಮೇಲ್ವಿಚಾರಣೆ ಕುರಿತ ಉಪನ್ಯಾಸ

ವೇದಿಕೆಯ ಮೇಲಿರುವ ಹಿರಿಯರಿಗೂ ಸಮಾಜಕಾರ್ಯ ವಿಭಾಗದ ವಿದ್ಯಾರ್ಥಿ ಮಿತ್ರರಿಗೂ ನಮಸ್ಕಾರ.

ರಕ್ಷಣೆ ಬೇಕಾದ ಮಕ್ಕಳ ಪ್ರಕರಣಗಳನ್ನು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಬಾಲಮಂದಿರಗಳು, 1098 ಸಹಾಯವಾಣಿ ಇವೆಲ್ಲ ಒಂದು ಜಿಲ್ಲೆಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿವೆಯೇ ಎಂಬುದನ್ನು ತಿಳಿಯುವ ಬಗೆ ಯಾವುದು ಎಂಬುದು ಇಂದಿನ ವಿಷಯ. ಕಾನೂನಿನಲ್ಲಿ ಇದಕ್ಕೆ ಕೊರತೆಯೇನೂ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 54ನೇ ಕಲಂ ಪ್ರಕಾರ, ಒಬ್ಬ ಮಹಿಳೆ ಮತ್ತು ಒಬ್ಬ ವೈದ್ಯಾಧಿಕಾರಿ ಸೇರಿದಂತೆ ಕನಿಷ್ಠ ಮೂವರಿರುವ ತಪಾಸಣಾ ತಂಡವು ಮೂರು ತಿಂಗಳಿಗೊಮ್ಮೆಯಾದರೂ ಪ್ರತಿ ಪಾಲನಾ ಸಂಸ್ಥೆಗೆ ಭೇಟಿ ನೀಡಿ, ಒಂದು ವಾರದೊಳಗೆ ವರದಿ ಸಲ್ಲಿಸಬೇಕು. ಮಕ್ಕಳ ಕಲ್ಯಾಣ ಸಮಿತಿಯೂ ತಿಂಗಳಿಗೆ ಎರಡು ಬಾರಿಯಾದರೂ ಇಂಥ ಸಂಸ್ಥೆಗಳ ತಪಾಸಣೆ ನಡೆಸಬೇಕು. ಸಮಿತಿಯ ಕೆಲಸವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುವ ಹೊಣೆ ಜಿಲ್ಲಾಧಿಕಾರಿಗಳ ಮೇಲಿದೆ.

ಇಷ್ಟೆಲ್ಲ ಇದ್ದೂ ಏನಾಗಬಹುದು ಎಂಬುದಕ್ಕೆ ಬಿಹಾರದ ಮುಜಫ್ಫರ್‌ಪುರದ ಬಾಲಕಿಯರ ವಸತಿಗೃಹವೇ ಸಾಕ್ಷಿ. ಅಧಿಕಾರಿಗಳ ಭೇಟಿ ಅಲ್ಲಿಗೂ ಇತ್ತು, ದಾಖಲೆ ಪುಸ್ತಕಗಳೂ ಇದ್ದವು. ಆದರೆ ಒಳಗೆ ನಡೆಯುತ್ತಿದ್ದ ಲೈಂಗಿಕ ದೌರ್ಜನ್ಯ ಹೊರಬಂದದ್ದು 2018ರಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಕೋಶಿಶ್’ ತಂಡ ರಾಜ್ಯದ ಇಂಥ ಗೃಹಗಳ ಸಾಮಾಜಿಕ ಲೆಕ್ಕಪರಿಶೋಧನೆ ಮಾಡಿ, ಅಲ್ಲಿನ ಮಕ್ಕಳ ಮಾತನ್ನು ಕೇಳಿಸಿಕೊಂಡು ವರದಿ ಕೊಟ್ಟ ಮೇಲೆ. 2020ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯ ತಪ್ಪಿತಸ್ಥರೆಂದು ತೀರ್ಪಿತ್ತ 19 ಮಂದಿಯಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಮಾಜಿ ಅಧ್ಯಕ್ಷರೂ ಮಕ್ಕಳ ರಕ್ಷಣಾ ಘಟಕದ ಅಧಿಕಾರಿಯೂ ಇದ್ದರು ಎಂಬುದನ್ನು ಹೇಳುವಾಗ ಈಗಲೂ ಮನಸ್ಸು ಕುದಿಯುತ್ತದೆ. ಕಾವಲಿಗೆ ನಿಂತವರನ್ನೇ ನಂಬಿ ಕೂರುವ ಮೇಲ್ವಿಚಾರಣೆ ಮೇಲ್ವಿಚಾರಣೆಯಲ್ಲ.

ಆದ್ದರಿಂದ ನನ್ನ ವಾದ ಇಷ್ಟು: ನಾವು ಕಟ್ಟಡವನ್ನು ಅಳೆಯುತ್ತಿದ್ದೇವೆ, ಅಳೆಯಬೇಕಾದದ್ದು ಮಗುವಿನ ಬದುಕಿನಲ್ಲಾದ ಬದಲಾವಣೆಯನ್ನು. ಹಾಸಿಗೆ, ಶೌಚಾಲಯ, ಸಿಸಿಟಿವಿ, ಅಡುಗೆಮನೆಯ ಸ್ವಚ್ಛತೆ ಇವೆಲ್ಲ ಬೇಕು, ಆದರೆ ಅಲ್ಲಿಗೇ ನಿಲ್ಲಬಾರದು. ಪ್ರತಿ ಮಗುವಿಗೂ ಪ್ರತ್ಯೇಕ ಪಾಲನಾ ಯೋಜನೆ ಇರಬೇಕೆಂದು ನಿಯಮ ಹೇಳುತ್ತದೆ. ಕಡತಗಳನ್ನು ಒಂದರ ಪಕ್ಕ ಒಂದಿಟ್ಟು ಓದಿನೋಡಿ. ‘ಮಗುವಿಗೆ ಉತ್ತಮ ಶಿಕ್ಷಣ ಹಾಗೂ ಆಪ್ತಸಮಾಲೋಚನೆ ನೀಡುವುದು’ ಎಂಬ ಒಂದೇ ವಾಕ್ಯ ಆರು ವರ್ಷದ ಅನಾಥ ಮಗುವಿನ ಕಡತದಲ್ಲೂ, ಬಾಲ್ಯವಿವಾಹದಿಂದ ತಪ್ಪಿಸಿ ಕರೆತಂದ ಹದಿನಾರರ ಹುಡುಗಿಯ ಕಡತದಲ್ಲೂ ಕಂಡರೆ, ಅಲ್ಲಿ ಯೋಜನೆಯೇ ಇಲ್ಲವೆಂದು ತಿಳಿಯಬೇಕು. ತಪಾಸಣಾ ನಮೂನೆಯಲ್ಲಿ ಮಾತ್ರ ‘ಪಾಲನಾ ಯೋಜನೆ ಇದೆ’ ಎಂಬ ಕಾಲಂನಲ್ಲಿ ‘ಹೌದು’ ಎಂದು ಬಿದ್ದಿರುತ್ತದೆ.

ದಿನಗಳ ಲೆಕ್ಕವೂ ಅಷ್ಟೇ ಮುಖ್ಯ. ಸಾಮಾಜಿಕ ತನಿಖೆ, ಅಂದರೆ ಮಗುವಿನ ಮನೆ, ಹಿನ್ನೆಲೆಗಳ ವಿಚಾರಣೆ, ಹದಿನೈದು ದಿನಗಳಲ್ಲಿ ಮುಗಿಯಬೇಕು, ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮೊದಲ ಸಲ ಹಾಜರುಪಡಿಸಿದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಹೊರಬೀಳಬೇಕು ಎಂದು ಕಾಯ್ದೆ ಹೇಳುತ್ತದೆ. ಎಷ್ಟು ಪ್ರಕರಣ ಇತ್ಯರ್ಥವಾದವು ಎಂಬ ಒಟ್ಟು ಸಂಖ್ಯೆಗಿಂತ, ಬಾಕಿ ಉಳಿದ ಪ್ರತಿ ಮಗು ಎಷ್ಟು ದಿನದಿಂದ ಕಾಯುತ್ತಿದೆ, ಯಾತಕ್ಕಾಗಿ ಕಾಯುತ್ತಿದೆ ಎಂಬ ಪಟ್ಟಿ ಪರಿಶೀಲನಾ ಸಭೆಯ ಮುಂದೆ ಬರಲಿ.

ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಿರಬೇಕು ಎಂಬುದು ಕಾಯ್ದೆಯ ಮೂಲತತ್ವಗಳಲ್ಲಿ ಒಂದು. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವಕ್ಕೆ, ಅಂದರೆ ಕುಟುಂಬದಲ್ಲೇ ಬೆಳೆಯಲು ಕೊಡುವ ಹಣದ ನೆರವಿಗೆ, ಆಯ್ಕೆಯಾದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಅಜ್ಜಿಯ ಮನೆಯಲ್ಲೇ ಉಳಿದು ಊರ ಶಾಲೆಗೆ ಹೋಗಲು ಎಷ್ಟೋ ಮಕ್ಕಳಿಗೆ ಇಷ್ಟು ಸಾಕಾಗುತ್ತದೆ. ಆದರೆ ಇಂಥ ಮಗುವಿನ ಮನೆಗೆ ತಪಾಸಣಾ ತಂಡದ ವಾಹನ ಹೋಗುವುದಿಲ್ಲ. ಬಾಲಮಂದಿರದಿಂದ ಮನೆಗೆ ಮರಳಿದ ಮಗು ಮತ್ತೆ ಶಾಲೆಗೆ ಸೇರಿತೇ, ಕೆಲಸಕ್ಕೆ ಹೋಯಿತೇ ಎಂಬುದನ್ನು ಪಂಚಾಯಿತಿ ಮಟ್ಟದ ಮಕ್ಕಳ ರಕ್ಷಣಾ ಸಮಿತಿ, ಅಂಗನವಾಡಿ ಕಾರ್ಯಕರ್ತೆ ಮತ್ತು ಶಾಲೆಯ ಮುಖ್ಯ ಶಿಕ್ಷಕರ ಮೂಲಕ ತಿಳಿದುಕೊಳ್ಳುವುದು ಕಷ್ಟವೇನಲ್ಲ, ಕೇಳುವವರು ಬೇಕು.

ಇನ್ನು ಮಕ್ಕಳ ದನಿಯ ಮಾತು. 2016ರ ಮಾದರಿ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲಿ ಸಲಹಾ ಪೆಟ್ಟಿಗೆ ಇರಬೇಕು. ಅದರ ಕೀಲಿ ಸಂಸ್ಥೆಯ ನಿರ್ವಹಣಾ ಸಮಿತಿಯ ಅಧ್ಯಕ್ಷರ ಬಳಿ ಇರಬೇಕು, ಅಲ್ಲಿನ ಮಕ್ಕಳದೇ ಆದ ಮಕ್ಕಳ ಸಮಿತಿಯ ಸದಸ್ಯರ ಎದುರಿನಲ್ಲೇ ವಾರಕ್ಕೊಮ್ಮೆ ಪೆಟ್ಟಿಗೆ ತೆರೆಯಬೇಕು. ಕೀಲಿ ಸಂಸ್ಥೆಯ ಅಧೀಕ್ಷಕರ ಮೇಜಿನ ಡ್ರಾಯರಿನಲ್ಲಿದ್ದರೆ ಯಾವ ಮಗು ತಾನೇ ಅದರಲ್ಲಿ ಚೀಟಿ ಹಾಕೀತು? ಹಾಗಾಗಿ ಭೇಟಿಗೆ ಹೋದವರು ಮೊದಲು ಕೀಲಿ ಎಲ್ಲಿದೆ ಎಂದು ವಿಚಾರಿಸಬೇಕು, ಆಮೇಲೆ ಸಿಬ್ಬಂದಿಯನ್ನು ಹೊರಗೆ ಕಳುಹಿಸಿ ಮಕ್ಕಳೊಂದಿಗೆ ಅವರ ಮನೆಮಾತಿನಲ್ಲೇ ಸಾವಧಾನವಾಗಿ ಕುಳಿತು ಮಾತನಾಡಬೇಕು.

ಇದೆಲ್ಲವನ್ನೂ ಸಿಬ್ಬಂದಿಯ ತಪ್ಪು ಹುಡುಕುವ ಕೆಲಸವೆಂದು ದಯವಿಟ್ಟು ಭಾವಿಸಬೇಡಿ. ರಕ್ಷಣಾ ಘಟಕಗಳಲ್ಲಿ ಬಹುತೇಕರು ಗುತ್ತಿಗೆ ನೌಕರರು. ಒಬ್ಬ ಸಮಾಜ ಕಾರ್ಯಕರ್ತರ ಕೈಯಲ್ಲಿ ಎಷ್ಟು ಮಕ್ಕಳ ಕಡತಗಳಿವೆ, ಖಾಲಿ ಹುದ್ದೆಗಳು ಎಷ್ಟು ತಿಂಗಳಿಂದ ಖಾಲಿ ಇವೆ, ಮನೆಭೇಟಿಯ ಪ್ರಯಾಣ ಭತ್ಯೆ ಸಕಾಲದಲ್ಲಿ ಕೈಸೇರುತ್ತಿದೆಯೇ ಎಂಬುವೂ ಅದೇ ತ್ರೈಮಾಸಿಕ ವರದಿಯಲ್ಲಿ ಬರಬೇಕು, ಅವಕ್ಕೆ ಜಿಲ್ಲಾಡಳಿತ ಅದೇ ಸಭೆಯಲ್ಲಿ ಉತ್ತರ ಕೊಡಬೇಕು.