ರೆಟಿನಾ ಅಂಟಿತು ಸರಿ, ಕಣ್ಣು ಕಾಣುತ್ತಾ?

ಕೇಳುಗರೇ, ನಮಸ್ಕಾರ. ಕಣ್ಣಿನ ಆಪರೇಷನ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಪೊರೆ ತೆಗೆಯೋದು, ಮಾರನೇ ದಿನ ಪಟ್ಟಿ ಬಿಚ್ಚಿದ್ರೆ ಎಲ್ಲ ನಿಚ್ಚಳ. ರೆಟಿನಾ ಆಪರೇಷನ್ ಆ ಥರ ಅಲ್ಲ, ಅದ್ರಲ್ಲೂ ಬಡದೇಶಗಳಲ್ಲಿ ಅದರ ಕಥೆನೇ ಬೇರೆ.

ರೆಟಿನಾ ಅಂದ್ರೆ ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರೋ, ಬೆಳಕು ಹಿಡಿಯೋ ಪದರ, ಸುಮಾರು ಕಾಲು ಮಿಲಿಮೀಟರ್ ದಪ್ಪ ಅಷ್ಟೇ. ಅದ್ರಲ್ಲಿ ಒಂದು ತೂತು ಬಿದ್ದು ಕಣ್ಣೊಳಗಿನ ನೀರು ಅದರ ಹಿಂದಕ್ಕೆ ನುಗ್ಗಿತು ಅಂದ್ರೆ, ಥಂಡಿ ಹಿಡಿದ ಗೋಡೆ ಸುಣ್ಣದ ಹಾಗೆ ಎದ್ದು ಬರುತ್ತೆ. 1920ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜೂಲ್ ಗೊನ್ಯಾಂ ಅನ್ನೋ ಡಾಕ್ಟ್ರು ಆ ತೂತು ಮುಚ್ಚಿದ್ರೆ ರೆಟಿನಾ ಮತ್ತೆ ಕೂರುತ್ತೆ ಅಂತ ತೋರಿಸಿದ್ರು. ಆ ವಿದ್ಯೆ ಈಗ ಬಡದೇಶದ ಡಾಕ್ಟ್ರುಗಳಿಗೂ ಚೆನ್ನಾಗೇ ಗೊತ್ತು, ಸಂಖ್ಯೆ ಕಮ್ಮಿ ಇರಬಹುದು, ಕೈಚಳಕ ಏನೂ ಕಮ್ಮಿ ಇಲ್ಲ.

ಎಡವಟ್ಟಾಗೋದು ಪೇಷೆಂಟ್ ಟೇಬಲ್ ಮೇಲೆ ಮಲಗೋಕೆ ಮುಂಚೆನೇ. ಮಿಂಚು ಹೊಡೆದ ಹಾಗೆ ಬೆಳಕು, ಮಸಿ ಉದುರಿದ ಹಾಗೆ ಕಪ್ಪು ಚುಕ್ಕಿ, ಆಮೇಲೆ ಒಂದು ಪಕ್ಕದಿಂದ ಪರದೆ ಇಳಿದ ಹಾಗೆ ಕತ್ತಲೆ, ಆದ್ರೆ ನೋವು ಒಂಚೂರೂ ಇರಲ್ಲ, ಇನ್ನೊಂದು ಕಣ್ಣು ಹೇಗೂ ನಡೆಸ್ಕೊಂಡು ಹೋಗುತ್ತೆ, ಹಾಗಾಗಿ ವಾರ ಕಳೆದು ತಿಂಗಳಾಗುತ್ತೆ. ಅಷ್ಟರಲ್ಲಿ ನಡುಮಧ್ಯದ ಮ್ಯಾಕುಲಾನೂ ಎದ್ದಿರುತ್ತೆ, ಓದೋಕೆ, ಮುಖ ಗುರುತು ಹಿಡಿಯೋಕೆ ಬೇಕಾಗೋದೇ ಅದು. ತಡವಾದಷ್ಟೂ ರೆಟಿನಾ ಮೇಲೆ ಕಲೆಕಟ್ಟಿ, ಒಣಗಿದ ಎಲೆ ಥರ ಮುದುರಿಕೊಳ್ಳುತ್ತೆ. ಆಗ ಅಂಟಿಸಿದ್ರೂ ಅಂಟುತ್ತೆ, ಕಾಣೋದು ಮಾತ್ರ ಕೈ ಆಡಿಸಿದ್ದು ಗೊತ್ತಾಗೋ ಅಷ್ಟೇ ಇರಬಹುದು. ಡಾಕ್ಟ್ರ ಲೆಕ್ಕದಲ್ಲಿ ಸಕ್ಸಸ್, ಮನೆಯವರ ಲೆಕ್ಕದಲ್ಲಿ ಏನೂ ಆಗ್ಲಿಲ್ಲ. ಇಬ್ಬರೂ ಸುಳ್ಳು ಹೇಳ್ತಿಲ್ಲ ನೋಡಿ.

ಇನ್ನು ಎಣ್ಣೆ ವಿಷಯ. ರೆಟಿನಾ ಒತ್ತಿ ಹಿಡಿಯೋಕೆ ಕಣ್ಣೊಳಗೆ ಗ್ಯಾಸ್ ತುಂಬ್ತಾರೆ, ಇಲ್ಲಾ ಸಿಲಿಕಾನ್ ಎಣ್ಣೆ. ಗ್ಯಾಸ್ ಕೆಲವು ವಾರದಲ್ಲಿ ತಾನೇ ಕರಗುತ್ತೆ, ಆದ್ರೆ ಅದು ಇರೋವರೆಗೂ ವಿಮಾನ ಹತ್ತಂಗಿಲ್ಲ, ಎಷ್ಟೋ ಸಲ ದಿನಗಟ್ಟಲೆ ಮುಖ ಕೆಳಗೆ ಮಾಡ್ಕೊಂಡೇ ಇರಬೇಕು. ಕೇಸ್ ಕೆಟ್ಟಿದ್ರೆ, ಪೇಷೆಂಟ್ ದೂರದವರಾದ್ರೆ ಎಣ್ಣೆನೇ ಗತಿ. ಅದನ್ನ ಕೆಲವು ತಿಂಗಳ ನಂತರ ಇನ್ನೊಂದು ಆಪರೇಷನ್ ಮಾಡಿ ತೆಗೀಬೇಕು, ಬಿಟ್ರೆ ಹನಿಹನಿಯಾಗಿ ಒಡೆದು ಕಣ್ಣಿನ ಒತ್ತಡ ಏರಿಸಿ ನರಾನೇ ಕೆಡಿಸಬಹುದು. ದಾರಿಖರ್ಚು, ತಪ್ಪೋ ಕೂಲಿ, ಜೊತೆಗೆ ಬರೋಕೆ ಒಬ್ರು ಬೇಕು, ಇಷ್ಟೆಲ್ಲ ಹೊಂದಿಸೋಕಾಗ್ದೆ ಎಷ್ಟೋ ಜನ ವಾಪಸ್ ಬರೋದೇ ಇಲ್ಲ.

ವಾಪಸ್ ಬಂದವರನ್ನಷ್ಟೇ ಎಣಿಸಿ ರಿಸಲ್ಟ್ ಬರೆದ್ರೆ, ಬಾರದವರ ಕಣ್ಣು ಯಾವ ಲೆಕ್ಕಕ್ಕೂ ಸಿಗಲ್ಲ. ನಮಸ್ಕಾರ.