ತೆಂಗಿನಕಾಯಿಗೆ ಒಡೆಯರಿದ್ದಾರೆ

ಕೇಳುಗರಿಗೆ ನಮಸ್ಕಾರ.

ಪನಾಮಾ ದೇಶದ ಕೆರಿಬಿಯನ್ ಕರಾವಳಿಗೆ ಅಂಟಿಕೊಂಡಂತೆ 300ಕ್ಕೂ ಹೆಚ್ಚು ಪುಟ್ಟ ದ್ವೀಪಗಳಿವೆ. ಜನರಿರುವುದು ಸುಮಾರು 50ರಲ್ಲಿ ಮಾತ್ರ. ಅದು ಗುನಾ ಬುಡಕಟ್ಟಿನವರ ನಾಡು, ಗುನಾ ಯಾಲಾ.

ಜನರಿಲ್ಲದ ಒಂದು ದ್ವೀಪದಲ್ಲಿ ಇಳಿದವನೇ ಮರಳಲ್ಲಿ ಬಿದ್ದಿದ್ದ ತೆಂಗಿನಕಾಯಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಉಡುಪಿ ಕಡೆಯವನ ಚಟ, ಎಲ್ಲಿ ಹೋದರೂ ಬಿಡುವುದಿಲ್ಲ. ದೋಣಿಯವ ದೂರದಿಂದಲೇ ಬೇಡ ಬೇಡ ಎಂದು ಕೈಯಾಡಿಸಿದ. ಮನೆಯೊಂದೂ ಇಲ್ಲದ ದ್ವೀಪವಾದರೂ ಪ್ರತಿ ಮರಕ್ಕೂ ಒಡೆಯರಿದ್ದಾರೆ, ಬಿದ್ದ ಕಾಯಿಯೂ ಅವರದೇ. ಕೊಲಂಬಿಯಾದ ವ್ಯಾಪಾರಿ ದೋಣಿಗಳಿಗೆ ಕಾಯಿ ಕೊಟ್ಟು ದಿನಸಿ ಕೊಳ್ಳುತ್ತಿದ್ದ ಜನ; ಬಹುಕಾಲ ಅಲ್ಲಿ ತೆಂಗಿನಕಾಯಿಯೇ ದುಡ್ಡು. ಅಂದರೆ ನಾನು ಎತ್ತಿಕೊಂಡದ್ದು ಯಾರದೋ ಕಿಸೆಯ ಹಣ. ಇದ್ದಲ್ಲೇ ಇಟ್ಟೆ.

ಈ ಬಿಗಿ ಸುಮ್ಮನೆ ಬಂದದ್ದಲ್ಲ. ಕಳೆದ ಶತಮಾನದ ಆರಂಭದಲ್ಲಿ ಪನಾಮಾದ ಪೊಲೀಸರು ಇಲ್ಲಿನ ಹೆಂಗಸರ ಮೂಗಿನ ಉಂಗುರ, ಕಾಲಿನ ಮಣಿಸರ, ಮೋಲಾ ಎಂಬ ಕಸೂತಿಯ ರವಿಕೆ ಎಲ್ಲವನ್ನೂ ಬಿಡಿಸಲು ಹೊರಟರು. 1925ರ ಫೆಬ್ರವರಿಯಲ್ಲಿ ಗುನಾ ಜನ ದಂಗೆಯೆದ್ದರು. ಆಗಿನ ಬಾವುಟದಲ್ಲಿ ಸ್ವಸ್ತಿಕವಿತ್ತು. ಹಿಟ್ಲರನಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. 1938ರಲ್ಲಿ ಸರ್ಕಾರ ಇದನ್ನು ಪ್ರತ್ಯೇಕ ಪ್ರದೇಶವೆಂದು ಒಪ್ಪಿತು. ಈಗ ಇಲ್ಲಿ ಗುನಾ ಮಹಾಸಭೆಯ ಮಾತೇ ಮಾತು. ಹೊರಗಿನವರು ಒಂದಡಿ ಜಾಗ ಕೊಳ್ಳುವಂತಿಲ್ಲ.

ಕಡಲಿಗೆ ಮಾತ್ರ ಯಾವ ಸಭೆಯ ಅಂಕೆಯೂ ಇಲ್ಲ. ನೀರು ಏರುತ್ತಿದೆ, ದ್ವೀಪಗಳಲ್ಲಿ ಕಾಲಿಡಲೂ ಜಾಗವಿಲ್ಲದಷ್ಟು ಮನೆಗಳು. 2024ರ ಜೂನ್‌ನಲ್ಲಿ ಗಾರ್ಡಿ ಸುಗ್ದುಬ್ ದ್ವೀಪದ ಸುಮಾರು 300 ಕುಟುಂಬಗಳಿಗೆ ದಡದ ಮೇಲೆ ಹೊಸ ಮನೆಗಳು ಸಿಕ್ಕವು. ಕೆಲವರು ಹೋಗಲೊಪ್ಪದೆ ದ್ವೀಪದಲ್ಲೇ ಉಳಿದರು.

ಒಂದು ರಾತ್ರಿ ಊರ ಮುಖ್ಯಸ್ಥರ ಅಪ್ಪಣೆ ಪಡೆದು ಸಭಾಮನೆಗೆ ಹೋದೆ. ಗರಿ ಹೊದಿಸಿದ ದೊಡ್ಡ ಮನೆ. ಮುಖ್ಯಸ್ಥರನ್ನು ಸಾಯ್ಲಾ ಎನ್ನುತ್ತಾರೆ. ನಡುವೆ ಕಟ್ಟಿದ ಬಲೆತೊಟ್ಟಿಲಲ್ಲಿ ಒರಗಿಕೊಂಡೇ ಹಾಡುತ್ತಿದ್ದರು. ಒಂದೊಂದು ಸಾಲು ಮುಗಿದಾಗಲೂ ಪಕ್ಕದ ತೊಟ್ಟಿಲಿನವರು "ದೇಗಿ" ಎನ್ನುವರು, ನಮ್ಮಲ್ಲಿ ಹೂಂಗುಟ್ಟುವ ಹಾಗೆ. ಹಾಡಿನ ಭಾಷೆ ಹಳೆಯದು, ಊರವರಿಗೂ ಸಲೀಸಲ್ಲ. ಹಾಡು ನಿಂತ ಮೇಲೆ ಇನ್ನೊಬ್ಬರು ಎದ್ದುನಿಂತು ಆಡುಮಾತಿನಲ್ಲಿ ಅರ್ಥ ಬಿಡಿಸಿದರು. ತಾಳಮದ್ದಳೆಯಲ್ಲಿ ಭಾಗವತರ ಪದ್ಯವಾದ ಮೇಲೆ ಅರ್ಥಧಾರಿ ಮಾತಿಗೆ ತೊಡಗುತ್ತಾರಲ್ಲ, ಥೇಟ್ ಹಾಗೆಯೇ. ಹೆಂಗಸರು ಕೇಳುತ್ತಲೇ ಮೋಲಾ ಹೊಲಿಯುತ್ತಿದ್ದರು.

ನನಗೆ ಒಂದಕ್ಷರ ತಿಳಿಯದು. ಯಾವಾಗ ತೂಕಡಿಸಿದೆನೋ! ಹಿಂದಿನಿಂದ ಯಾರೋ ಗಟ್ಟಿಯಾಗಿ ಕೂಗಿದಂತಾಗಿ ಬೆಚ್ಚಿ ಎದ್ದೆ. ನಿದ್ದೆ ಮಾಡಬೇಡಿ ಎಂದು ಆಗಾಗ ಕೂಗುವುದಕ್ಕೆಂದೇ ಅಲ್ಲಿ ಕಾವಲಿನವರಿರುತ್ತಾರಂತೆ. ಪಕ್ಕದಲ್ಲಿದ್ದ ಅಜ್ಜಿ ಸೂಜಿ ನಿಲ್ಲಿಸಿ, ನನ್ನತ್ತ ನೋಡಿ ನಕ್ಕಳು.