ಊಟದ ಪಂಕ್ತಿಯಿಂದ ಸರಿದು ಕೂತವರು

ವಿದ್ಯಾರ್ಥಿನಿಯರೇ, ಅಧ್ಯಾಪಕ ಬಂಧುಗಳೇ,

ರಜೆ ಮುಗಿಸಿ ಧಾರವಾಡದ ಹಾಸ್ಟೆಲ್ಲಿಗೆ ಮರಳಿದ ಹುಡುಗಿಗೆ ‘ಎಷ್ಟ ಸಣ್ಣ ಆಗೀಯವಾ, ಛಂದ ಕಾಣಸ್ತಿ’ ಎಂಬ ಹೊಗಳಿಕೆಯೇ ಮೊದಲ ಸ್ವಾಗತವಾಗಿರುವುದರಿಂದ, ಊಟಕ್ಕೆ ಸಂಬಂಧಿಸಿದ ಮನೋವ್ಯಾಧಿಗಳ ಕುರಿತು ನಿಮ್ಮೆದುರು ಮಾತನಾಡಲೇಬೇಕೆನಿಸಿತು. ಲಂಡನ್ನಿನ ವೈದ್ಯ ವಿಲಿಯಂ ಗಲ್ 1874ರಲ್ಲಿ, ದಪ್ಪಗಾಗುವ ಭಯದಿಂದ ಊಟವನ್ನೇ ದೂರವಿಡುವ ಕಾಯಿಲೆಗೆ ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರು ಕೊಟ್ಟಂದಿನಿಂದ, ಊಟದ ಕಾಯಿಲೆ ಎಂದರೆ ಎಲುಬು ಕಾಣುವ ಹುಡುಗಿ ಎಂದೇ ತಿಳಿದಿದ್ದೇವೆ. ಆದರೆ 1979ರಲ್ಲಿ ಜೆರಾಲ್ಡ್ ರಸೆಲ್ ವಿವರಿಸಿದ ಬುಲಿಮಿಯಾದಲ್ಲಿ ವಿಪರೀತ ತಿಂದು ಗುಟ್ಟಾಗಿ ವಾಂತಿ ಮಾಡಿಕೊಳ್ಳುವವರ ತೂಕ ಅನೇಕ ಸಲ ನಮ್ಮ ನಿಮ್ಮಷ್ಟೇ ಇರುತ್ತದೆ. ಆದ್ದರಿಂದ ಗೆಳತಿಯ ತೂಕ ನೋಡಬೇಡಿ, ಪಂಕ್ತಿಯಲ್ಲಿ ಅವಳು ಹೇಗೆ ಕೂರುತ್ತಾಳೆ ನೋಡಿ.

ನನ್ನ ವಿದ್ಯಾರ್ಥಿನಿಯೊಬ್ಬಳು, ಹೆಸರು ಬೇಡ, ಮೆಸ್ಸಿನಲ್ಲಿ ಜೋಳದ ರೊಟ್ಟಿಯನ್ನು ಉಗುರಗಲದ ಚೂರು ಮಾಡಿ, ಎಣಗಾಯಿಯ ಎಣ್ಣೆಯನ್ನು ತಟ್ಟೆಯ ಅಂಚಿಗೆ ಸರಿಸಿ, ಉಳಿದವರು ಕೈ ತೊಳೆದು ಬರುವವರೆಗೂ ಆ ಚೂರುಗಳನ್ನು ಅತ್ತಿಂದಿತ್ತ ಆಡಿಸುತ್ತಿದ್ದಳು. ಮನೆಯಿಂದ ಬಂದ ಶೇಂಗಾ ಹೋಳಿಗೆಯನ್ನು ಕೋಣೆಕೋಣೆಗೆ ಹಂಚಿ, ತಿನ್ನುವವರ ಬಾಯಿಯನ್ನೇ ನೋಡುತ್ತ ಕೂರುವಳು. ರಾತ್ರಿಯಿಡೀ ಮೊಬೈಲಿನಲ್ಲಿ ಅಡುಗೆಯ ವಿಡಿಯೋ. ಏಪ್ರಿಲ್ ಬಿಸಿಲಿನಲ್ಲೂ ಮೈಮೇಲೆ ಸ್ವೆಟರು. ಶ್ರಾವಣ ಸೋಮವಾರದ ಉಪವಾಸ ಗುರುವಾರಕ್ಕೂ ಶನಿವಾರಕ್ಕೂ ಹಬ್ಬಿದಾಗ ಎಲ್ಲರೂ ಅವಳ ಭಕ್ತಿಯನ್ನು ಕೊಂಡಾಡಿದರು. (ಉಪವಾಸದ ದಿನ ಸಾಬೂದಾಣಿ ಖಿಚಡಿಯನ್ನು ಎರಡು ಸಲ ಬಡಿಸಿಕೊಳ್ಳುವ ನನ್ನಂಥವರ ಭಕ್ತಿಯ ಬಗ್ಗೆ ಯಾರೂ ಚಿಂತಿಸಬೇಕಾಗಿಲ್ಲ.)

ಇದನ್ನು ಹಟವೆಂದೋ ಸೋಗೆಂದೋ ಬೈಯುವವರು ಅಮೆರಿಕದ ಮಿನ್ನೆಸೋಟದಲ್ಲಿ 1944-45ರಲ್ಲಿ ನಡೆದ ಪ್ರಯೋಗವನ್ನು ನೆನೆಯಬೇಕು. ಅಲ್ಲಿ 36 ಆರೋಗ್ಯವಂತ ತರುಣರನ್ನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಇರಿಸಿದಾಗ, ಅವರಲ್ಲೂ ಅನೇಕರು ಅಡುಗೆ ಪುಸ್ತಕಗಳನ್ನು ಓದತೊಡಗಿದರು, ತುತ್ತನ್ನು ಗಂಟೆಗಟ್ಟಲೆ ಎಳೆದರು, ಚಳಿಯೆಂದು ನಡುಗಿದರು, ಸಿಡುಕರಾದರು. ಹಸಿವೇ ಮನಸ್ಸನ್ನು ಹೀಗೆ ತಿರುಚುತ್ತದೆ. ‘ಸುಮ್ನ ಉಣ್ಣು’ ಎಂದರೆ ಅದು ನೆಟ್ಟಗಾಗುವುದಿಲ್ಲ.

ಉಂಡೊಡನೆ ದಿನವೂ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಡುವುದು, ಬೆರಳಿನ ಗೆಣ್ಣಿನ ಮೇಲೆ ಗಾಯದ ಕಲೆ, ಕೆನ್ನೆಯ ಕೆಳಗೆ ಊತ, ಹಲ್ಲಿನ ಸವೆತ ಇವೂ ಸೂಚನೆಗಳೇ. ಒಂದೇ ಲಕ್ಷಣ ಕಂಡು ರೋಗವೆಂದು ತೀರ್ಮಾನಿಸುವ ಕೆಲಸ ನಮ್ಮದಲ್ಲ; ಅದು ವೈದ್ಯರದು. ಜಿಮ್ಮಿನ ಹುಡುಗರ ಕುರಿತೂ ಹೇಳುವುದಿತ್ತು, ಅಧ್ಯಕ್ಷರು ಆಗಲೇ ಎರಡು ಸಲ ಗಡಿಯಾರ ನೋಡಿದ್ದಾರೆ; ಗಂಡುಮಕ್ಕಳಿಗೂ ಇದು ಬರುತ್ತದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಮಾತನಾಡುವಾಗ ಮೆಸ್ಸಿನ ಮೇಜು ಬೇಡ, ಒಬ್ಬಳೇ ಇದ್ದಾಗ ಕೇಳಿ. ಅಲ್ಲಿಯೂ ತೂಕದ ಸುದ್ದಿ ತೆಗೆಯದೆ, ‘ನಮ್ಮ ಜೋಡಿ ಕೂಡೂದ ಬಿಟ್ಟೀಯಲ್ಲ, ಯಾಕ?’ ಎನ್ನಿ. ಇಲ್ಲವೆಂದು ಸಿಟ್ಟಾದರೂ ಕೆಲವು ದಿನ ಬಿಟ್ಟು ಮತ್ತೆ ಕೇಳಿ. ನಮ್ಮೂರಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಜೊತೆಗೆ ಹೋಗಿ; ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದಾದ್ದರಿಂದ, ಅವಳು ತಲೆಸುತ್ತಿ ಬಿದ್ದರೆ ಅಥವಾ ಎದೆ ಡವಗುಟ್ಟುತ್ತಿದೆ ಎಂದರೆ, ಯಾರಿಗೂ ಹೇಳುವುದಿಲ್ಲವೆಂದು ನೀವು ಕೊಟ್ಟ ಆಣೆಯನ್ನು ಮುರಿದು, ವಾರ್ಡನ್‌ಗೆ ತಿಳಿಸಿ, ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.